ನಡುದಾರಿಯ ವೀಸಾ

ಕರಾವಳಿಯ ಧರ್ಮಕೇಂದ್ರವೊಂದರಲ್ಲಿ ಹಿರಿಯರೊಬ್ಬರು ನಿಧನ ಹೊಂದಿದರು. ಟೊರಾಂಟೋದಲ್ಲಿದ್ದ ಮಗನಿಗೆ ಅಂದೇ ನ್ಯೂಯಾರ್ಕ್ ಮಾರ್ಗವಾಗಿ ಮುಂಬಯಿಗೆ ಟಿಕೆಟು ದೊರೆಯಿತು. ಅವರು ಕೆನಡಾದ ಕಾಯಂ ನಿವಾಸಿ. ಪಾಸ್‌ಪೋರ್ಟು ಮಾತ್ರ ಭಾರತದ್ದು. ಅಮೆರಿಕಾದ ವೀಸಾ ಇಲ್ಲವೆಂಬ ಕಾರಣಕ್ಕೆ ಅವರಿಗೆ ವಿಮಾನವೇರಲು ಅವಕಾಶ ದೊರೆಯಲಿಲ್ಲ. ಮರುದಿನ ಲಂಡನ್ ಮಾರ್ಗವಾಗಿ ಹೊರಟು ಅವರು ಊರು ಸೇರುವಷ್ಟರಲ್ಲಿ ಅಂತ್ಯಕ್ರಿಯೆ ಮುಗಿದಿತ್ತು. ಏಳನೆಯ ದಿನದ ಬಲಿಪೂಜೆಗೆ ಮಾತ್ರ ಮಗ ಹಾಜರಿದ್ದರು.

ವಿದೇಶದಲ್ಲಿ ಮಕ್ಕಳಿಲ್ಲದ ಮನೆ ನಮ್ಮ ಸಮುದಾಯದಲ್ಲಿ ವಿರಳ. ಆದರೂ ತಲುಪುವ ದೇಶದ ವೀಸಾದ ಬಗ್ಗೆ ತೋರುವ ಕಾಳಜಿಯನ್ನು ನಡುವೆ ವಿಮಾನ ಬದಲಿಸುವ ದೇಶದ ಬಗ್ಗೆ ನಾವು ತೋರುವುದಿಲ್ಲ.

ಅಮೆರಿಕಾದ ನಿಲ್ದಾಣಗಳಲ್ಲಿ ದೇಶದೊಳಗೆ ಕಾಲಿಡದೆ ವಿಮಾನ ಬದಲಿಸುವ ವ್ಯವಸ್ಥೆಯಿಲ್ಲ. ಎರಡು ಗಂಟೆ ತಂಗುವ ಭಾರತೀಯನೂ ವಲಸೆ ತಪಾಸಣೆಗೆ ಒಳಗಾಗಬೇಕು, ಅದಕ್ಕೆ ವೀಸಾ ಬೇಕು. ಕೆನಡಾದ ಕಾಯಂ ನಿವಾಸವು ಇಲ್ಲಿ ಉಪಯೋಗಕ್ಕೆ ಬಾರದು. ಬ್ರಿಟನ್ನಿನಲ್ಲಿ ನಿಯಮವೇ ಬೇರೆ. ನಿಲ್ದಾಣದಿಂದ ಹೊರಬಾರದಿದ್ದರೂ ಭಾರತೀಯರಿಗೆ ಅಲ್ಲಿ ಸಾಮಾನ್ಯವಾಗಿ ಸಂಚಾರ ವೀಸಾ ಬೇಕು. ಆದರೆ ಕೆನಡಾದ ಕಾಯಂ ನಿವಾಸಿಗಳಿಗೆ ವಿನಾಯಿತಿಯಿದೆ. ಮೇಲಿನ ಮಗ ಮೊದಲ ದಿನವೇ ಲಂಡನ್ ಮಾರ್ಗವನ್ನು ಹಿಡಿದಿದ್ದರೆ! ದುಃಖದ ಗಳಿಗೆಯಲ್ಲಿ ಇದನ್ನೆಲ್ಲ ಯೋಚಿಸುವವರಾರು? ಆದುದರಿಂದಲೇ ಹೊರನಾಡಿನಲ್ಲಿರುವವರು ತಮಗೆ ಯಾವ ಮಾರ್ಗ ತೆರೆದಿದೆಯೆಂಬುದನ್ನು ನೆಮ್ಮದಿಯ ದಿನಗಳಲ್ಲೇ ತಿಳಿದು, ಬರೆದಿಟ್ಟುಕೊಳ್ಳುವುದು ಲೇಸು.

ವಿಮಾನ ಸಂಸ್ಥೆಯ ಸಿಬ್ಬಂದಿಯನ್ನು ದೂರಿ ಪ್ರಯೋಜನವಿಲ್ಲ. ಸರಿಯಾದ ದಾಖಲೆಯಿಲ್ಲದವರನ್ನು ಕರೆದೊಯ್ದರೆ ಅನೇಕ ದೇಶಗಳು ಸಂಸ್ಥೆಗೇ ದಂಡ ವಿಧಿಸುತ್ತವೆ.

ದುಬಾಯಿ, ದೋಹಾಗಳಲ್ಲಿ ಒಂದೇ ಟಿಕೆಟಿನಲ್ಲಿ, ನಿಲ್ದಾಣದೊಳಗೇ ವಿಮಾನ ಬದಲಿಸುವವರಿಗೆ ವೀಸಾದ ಗೊಡವೆಯಿಲ್ಲ. ಆದರೆ ಅಗ್ಗವೆಂದು ಎರಡು ಬೇರೆ ಬೇರೆ ಟಿಕೆಟು ಕೊಂಡವರ ಸಾಮಾನು ಹೆಚ್ಚಾಗಿ ಮುಂದಿನ ವಿಮಾನಕ್ಕೆ ತಾನಾಗಿ ಹೋಗುವುದಿಲ್ಲ. ಅದನ್ನು ಪಡೆಯಲು ವಲಸೆ ತಪಾಸಣೆ ದಾಟಿ ಹೊರಬರಬೇಕಾಗುತ್ತದೆ. ಅಲ್ಲಿಗೆ ಉಳಿಸಿದ ಹಣಕ್ಕಿಂತ ಹೆಚ್ಚಿನದು ವೀಸಾಕ್ಕೆ ಹೋದರೂ ಅಚ್ಚರಿಯಿಲ್ಲ.

ತೀರ್ಥಯಾತ್ರಿಕರಿಗೂ ಒಂದು ಮಾತು. ರೋಮ್, ಲೂರ್ದ್, ಫಾತಿಮಾ ಮೂರಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಆದರೆ ರೋಮ್ ನೋಡಿ ಜೆರುಸಲೇಮಿಗೆ ಹೋಗಿ, ಮತ್ತೆ ಲೂರ್ದಿಗೆ ಮರಳುವ ಯಾತ್ರೆಯಾದರೆ ಯೂರೋಪಿನ ಪ್ರವೇಶ ಎರಡು ಸಲವಾಯಿತು. ಒಂದೇ ಪ್ರವೇಶದ ವೀಸಾ ಹಿಡಿದವರು ಪುಣ್ಯಭೂಮಿಯಿಂದ ಲೂರ್ದಿನತ್ತ ಹೊರಡಲಾರರು. ಪುಣ್ಯಭೂಮಿಯ ದರ್ಶನವನ್ನು ಮೊದಲಿಗೋ ಕೊನೆಗೋ ಇಟ್ಟುಕೊಂಡರೆ ಈ ತೊಡಕು ಬಾರದು.

ಈ ನಿಯಮಗಳು ಆಗಾಗ ಬದಲಾಗುತ್ತವೆ. ನೆರೆಮನೆಯವರು ಕಳೆದ ವರ್ಷ ಹೋಗಿ ಬಂದರೆಂಬುದು ಆಧಾರವಲ್ಲ. ಹಣ ಪಾವತಿಸುವ ಮುನ್ನ ಆಯಾ ದೇಶದ ರಾಯಭಾರ ಕಚೇರಿಯ ಪ್ರಕಟಣೆಯನ್ನು ನೋಡಿ, ಪಾಸ್‌ಪೋರ್ಟನ್ನೂ ಇಡೀ ಮಾರ್ಗವನ್ನೂ ವಿಮಾನ ಸಂಸ್ಥೆಗೆ ತಿಳಿಸಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.