ಪಂಥಲಕ್ಷಣವೂ ಗುರುವಿನ ಅಧಿಕಾರವೂ

‘ಪಂಥ’ ಎಂಬ ಶಬ್ದಕ್ಕೆ ಮೂಲದಲ್ಲಿ ದಾರಿಯೆಂದಷ್ಟೇ ಅರ್ಥ. ಅದರಲ್ಲಿ ನಿಂದೆಯ ಸೋಂಕಿಲ್ಲ. ಇಂಗ್ಲಿಷಿನ ‘ಕಲ್ಟ್’ ಎಂಬುದೂ ಆರಾಧನೆಯೆಂಬ ಅರ್ಥವುಳ್ಳ ಲ್ಯಾಟಿನ್ ಶಬ್ದದಿಂದ ಹುಟ್ಟಿದುದು. ಆದರೆ ಅನುಯಾಯಿಗಳ ಬುದ್ಧಿಯೂ ಬಾಳೂ ಒಬ್ಬ ನಾಯಕನ ವಶವಾಗಿರುವ ಸಮೂಹಕ್ಕೆ ಆ ಹೆಸರು ಈಗ ರೂಢವಾಗಿದೆ. ಅಂತಹ ಸಮೂಹವನ್ನು ಯಾವ ಲಕ್ಷಣದಿಂದ ಗುರುತಿಸಬೇಕೆಂಬುದು ವಿಚಾರಾರ್ಹವು.

ನಂಬಿಕೆಯ ನವೀನತೆಯೇ ಲಕ್ಷಣವೆಂದರೆ ಅತಿವ್ಯಾಪ್ತಿದೋಷವು ಬರುವುದು. ಚಿತ್ತಾಪುರ ಸೀಮೆಯ ಸನ್ನತಿಯಲ್ಲಿ ಬೌದ್ಧ ಅವಶೇಷಗಳಿವೆ. ಸೇಡಂ ಸೀಮೆಯ ಮಳಖೇಡದಲ್ಲಿ ಜೈನ ಬಸದಿಯೂ ಜಯತೀರ್ಥರ ವೃಂದಾವನವೂ ಇವೆ. ಇವುಗಳ ಹಿಂದಿರುವ ಮತಗಳೆಲ್ಲವೂ ಒಂದು ಕಾಲಕ್ಕೆ ಹೊಸವೇ ಆಗಿದ್ದುವು. ಉಪದೇಶದ ಕಾಠಿಣ್ಯವೇ ಲಕ್ಷಣವೆಂದರೆ ಅವ್ಯಾಪ್ತಿದೋಷವು ಬರುವುದು. ಇದಕ್ಕೆ ದೀನದಾರ್ ಅಂಜುಮನ್ ನಿದರ್ಶನವಾಗಿದೆ.

ಗುರುಮಠಕಲ್ ಬಳಿಯ ಬಾಲಂಪೇಟೆಯಲ್ಲಿ ಹುಟ್ಟಿದ ಸಿದ್ದೀಕ್ ಹುಸೇನರು ೧೯೨೪ರಲ್ಲಿ ಗದಗಿನಲ್ಲಿ ತಮ್ಮನ್ನು ಚೆನ್ನಬಸವೇಶ್ವರರ ಅವತಾರವೆಂದು ಸಾರಿ ಈ ಸಂಸ್ಥೆಯನ್ನು ಕಟ್ಟಿದರು, ೧೯೫೨ರಲ್ಲಿ ನಿಧನರಾದರು. ಹೊರಗೆ ಸಂಸ್ಥೆಯು ಸರ್ವಧರ್ಮಗಳ ಐಕ್ಯವನ್ನು ಬೋಧಿಸುತ್ತಿತ್ತು. ಆದರೆ ೨೦೦೦ದ ಜೂನ್ ೮ರಂದು ವಾಡಿಯ ಚರ್ಚಿನಲ್ಲಿ ಬಾಂಬು ಸಿಡಿಯಿತು. ಜುಲೈ ತಿಂಗಳಲ್ಲಿ ಹುಬ್ಬಳ್ಳಿ ಬೆಂಗಳೂರುಗಳ ಚರ್ಚುಗಳಲ್ಲಿಯೂ ಸಿಡಿದುವು. ಜುಲೈ ೯ರಂದು ಬೆಂಗಳೂರಿನಲ್ಲಿ ಒಂದು ವ್ಯಾನು ಸ್ಫೋಟಗೊಂಡು ಅದರಲ್ಲಿದ್ದ ಇಬ್ಬರು ಸತ್ತಾಗ ಕೃತ್ಯದ ಸುಳಿವು ಈ ಸಂಸ್ಥೆಯ ಸದಸ್ಯರತ್ತ ಹೊರಳಿತು. ಪಾಕಿಸ್ತಾನದಲ್ಲಿ ನೆಲಸಿದ್ದ ಸ್ಥಾಪಕರ ಮಗನು ಸಂಚಿನ ಸೂತ್ರಧಾರನೆಂದು ಆರೋಪಿತನಾದನು. ಕೇಂದ್ರ ಸರಕಾರವು ೨೦೦೧ರಲ್ಲಿ ಸಂಸ್ಥೆಯನ್ನು ನಿಷೇಧಿಸಿತು; ೨೦೦೮ರಲ್ಲಿ ವಿಶೇಷ ನ್ಯಾಯಾಲಯವು ೨೩ ಮಂದಿಗೆ ಶಿಕ್ಷೆ ವಿಧಿಸಿತು. ಐಕ್ಯದ ಮಾತು ಬಾಯಲ್ಲಿದ್ದ ಮಾತ್ರಕ್ಕೆ ಆಜ್ಞಾಪಾಲಕನ ಕೈ ತಡೆಯುವುದಿಲ್ಲವೆಂಬುದು ಇದರಿಂದ ವಿದಿತವಾಗುವುದು.

ಆದುದರಿಂದ ಪರೀಕ್ಷಿಸತಕ್ಕುದು ತತ್ತ್ವವನ್ನಲ್ಲ, ನಾಯಕನಿಗೂ ಅನುಯಾಯಿಗೂ ಇರುವ ಸಂಬಂಧವನ್ನು. ಇದಕ್ಕೆ ನಾಲ್ಕು ಪ್ರಶ್ನೆಗಳು ಸಾಕು. ಸಂದೇಹವನ್ನು ಕೇಳಿದವನಿಗೆ ಉತ್ತರ ದೊರೆಯುವುದೋ, ಪಾಪಿಯೆಂಬ ಹೆಸರು ದೊರೆಯುವುದೋ? ಶಿಷ್ಯರಿಗೆ ಹೇರಿದ ನಿಯಮವೂ ಹಣದ ಲೆಕ್ಕವೂ ಗುರುವಿಗೆ ಅನ್ವಯಿಸುವುವೋ ಇಲ್ಲವೋ? ಬಂಧುಗಳೊಡನೆಯೂ ಹೊರಜಗತ್ತಿನೊಡನೆಯೂ ಮಾತುಕತೆ ಉಳಿದಿದೆಯೋ, ಕಡಿದಿದೆಯೋ? ಬಿಟ್ಟುಹೋಗುವವನು ನಿರ್ಭಯನಾಗಿ ಹೋಗಬಲ್ಲನೋ? ದಕ್ಷಿಣ ಅಮೆರಿಕದ ಗಯಾನಾ ದೇಶದ ಜೋನ್ಸ್‌ಟೌನಿನಲ್ಲಿ ಅನುಯಾಯಿಗಳ ಪಾಸ್‌ಪೋರ್ಟುಗಳನ್ನು ಕಸಿದುಕೊಳ್ಳಲಾಗಿತ್ತು. ೧೯೭೮ರಲ್ಲಿ ಅಲ್ಲಿ ೯೦೦ಕ್ಕೂ ಹೆಚ್ಚು ಜನ ಮಡಿದರು.

ಗುರುವಿಗೆ ಶರಣಾಗುವುದು ಹಲವು ಸಂಪ್ರದಾಯಗಳಲ್ಲಿ ಉಂಟಲ್ಲವೇ ಎಂಬ ಆಕ್ಷೇಪವು ಬರಬಹುದು. ಉಂಟು, ಆದರೆ ಶೂನ್ಯಸಂಪಾದನೆಯು ಸಂವಾದಗಳ ಗ್ರಂಥ. ಅಲ್ಲಿ ಅಲ್ಲಮನ ಪ್ರಶ್ನೆಗೆ ಅಕ್ಕಮಹಾದೇವಿಯು ತಲೆಬಾಗಿ ಸುಮ್ಮನಿರದೆ ಎದುರು ನಿಂತು ಉತ್ತರ ಕೊಡುತ್ತಾಳೆ. ಪ್ರಶ್ನೆಗೆ ಎಡೆಯಿರುವ ಶರಣಾಗತಿ ಬೇರೆ, ಪ್ರಶ್ನೆಯನ್ನು ಅಳಿಸಿದ ದಾಸ್ಯ ಬೇರೆ.

ಒಂದು ಎಚ್ಚರಿಕೆಯೂ ಅವಶ್ಯ. ಕೆಲವರ ಅಪರಾಧವನ್ನು ಆ ನಂಬಿಕೆಯವರೆಲ್ಲರ ಮೇಲೆ ಹೊರಿಸುವುದು ನ್ಯಾಯವಲ್ಲ. ವಾಡಿಯ ಚರ್ಚಿನಲ್ಲಿ ಸಿಡಿದುದು ಒಂದು ನಂಬಿಕೆಯಲ್ಲ, ಆಜ್ಞೆಯೆದುರು ‘ಏಕೆ?’ ಎಂದು ಕೇಳದ ವಿಧೇಯತೆ.