ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆಯೇ? ಪಾರ್ಟ್ ಬದಲಿಸುವ ಮುನ್ನ

ಸಿಗ್ನಲ್‌ನಲ್ಲಿ ನಿಂತಾಗ ಸ್ಟೇರಿಂಗ್ ನಡುಗುತ್ತದೆ, ಆರ್‌ಪಿಎಂ ಮುಳ್ಳು ಏರಿಳಿಯುತ್ತದೆ, ಏರು ಬಂದರೆ ಪಿಕಪ್ ಇರುವುದಿಲ್ಲ. ಪೆಟ್ರೋಲ್ ಕಾರಿನವರು ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಗ್ಯಾರೇಜಿನಲ್ಲಿ ಮೂರಕ್ಕೂ ‘ಮಿಸ್ಸಿಂಗ್’ ಎಂದೇ ಹೆಸರು. ಅಲ್ಲಿಂದಾಚೆಗೆ ಪ್ಲಗ್ ಬದಲಾಗುತ್ತದೆ, ಕಾಯಿಲ್ ಬದಲಾಗುತ್ತದೆ, ಇಂಜೆಕ್ಟರ್ ಕ್ಲೀನಿಂಗ್ ನಡೆಯುತ್ತದೆ, ಕೊನೆಗೆ ಒಂದು ಸೆನ್ಸರ್ ಹೊಸದು ಬರುತ್ತದೆ. ಬಿಲ್ ಬೆಳೆದರೂ ನಡುಕ ಹಾಗೇ ಉಳಿಯುತ್ತದೆ. ‘ಏನು ಕೆಟ್ಟಿದೆ’ ಎಂದು ಕೇಳುವ ಮೊದಲು ‘ಯಾವಾಗ ಹೀಗಾಗುತ್ತದೆ’ ಎಂದು ಕೇಳಿದ್ದರೆ ಈ ಖರ್ಚಿನ ಬಹುಪಾಲು ಉಳಿಯುತ್ತಿತ್ತು.

‘ಸ್ಕ್ಯಾನರ್ ಹಾಕಿದರೆ ಕೆಟ್ಟ ಪಾರ್ಟ್ ಯಾವುದೆಂದು ಗೊತ್ತಾಗುತ್ತದೆ’

ಗೊತ್ತಾಗುವುದಿಲ್ಲ. ಸ್ಕ್ಯಾನರ್ ತೋರಿಸುವ ಕೋಡ್ ಹೇಳುವುದು ಎಂಜಿನ್ನಿನಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಮಾತ್ರ; ಏಕೆಂಬುದನ್ನು ಮನುಷ್ಯರೇ ಹುಡುಕಬೇಕು. ಪಿ0171 ಬಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ, ಪೆಟ್ರೋಲ್ ಸಾಲದು ಎಂದರ್ಥ. ಆ ಸುದ್ದಿಯನ್ನು ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ಅಂದರೆ ಇಸಿಎಂಗೆ ಮುಟ್ಟಿಸಿದ್ದು ಹೊಗೆ ಹೋಗುವ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್. ಎಷ್ಟೋ ಕಡೆ ಆ ಸೆನ್ಸರನ್ನೇ ಬದಲಿಸಿ ಕಳಿಸುತ್ತಾರೆ; ಕಳ್ಳತನವಾಗಿದೆ ಎಂದು ಕೂಗಿದವನನ್ನೇ ಹಿಡಿದು ಕೂಡಿಹಾಕಿದಂತೆ. ಸೀಳಿದ ಹೋಸ್ ಪೈಪ್, ಕೊಳೆ ಕಟ್ಟಿದ ಏರ್‌ಫ್ಲೋ ಸೆನ್ಸರ್, ಸೋತ ಪೆಟ್ರೋಲ್ ಪಂಪ್ ಎಲ್ಲವೂ ಇದೇ ಕೋಡನ್ನು ತರಬಲ್ಲವು.

ಪಿ0302 ಎಂದರೆ ಎರಡನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದಷ್ಟೇ. ಕಾಯಿಲ್ ಪ್ರತಿ ಪ್ಲಗ್ಗಿಗೂ ಬೇರೆಯಿದ್ದರೆ ಕಾಸು ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಎರಡನೆಯದರ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದನ್ನು ಎರಡಕ್ಕೂ ಹಾಕಿ, ಕೋಡ್ ಅಳಿಸಿ, ಗಾಡಿ ಓಡಿಸಿ. ಕೋಡ್ ಪಿ0303ಕ್ಕೆ ಜಿಗಿದರೆ ಕಾಯಿಲ್ ಕೆಟ್ಟಿದೆ. ಎರಡರಲ್ಲೇ ಉಳಿದರೆ ಪ್ಲಗ್‌ಗಳನ್ನು ಅದಲುಬದಲು ಮಾಡಿ ಮತ್ತೆ ನೋಡಿ. ಆಗಲೂ ಕದಲದಿದ್ದರೆ ಇಂಜೆಕ್ಟರ್, ವೈರಿಂಗ್, ವಾಲ್ವ್‌ಗಳ ಕಡೆ ತಿರುಗಬೇಕು. ಈ ಮೆಕ್ಯಾನಿಕ್ ಕೆಲಸ ಬಲ್ಲವನೇ ಎಂದು ಅರಿಯಲು, ಹೊಸ ಪಾರ್ಟ್ ತರಿಸುವ ಮೊದಲು ಈ ಅದಲುಬದಲು ಮಾಡುತ್ತಾನೆಯೇ ಎಂದು ನೋಡಿದರೆ ಸಾಕು.

ಹಳೆಯ ಕ್ರಮವೊಂದು ಇನ್ನೂ ಉಳಿದಿದೆ: ಎಂಜಿನ್ ಓಡುತ್ತಿರುವಾಗಲೇ ಒಂದೊಂದಾಗಿ ಪ್ಲಗ್ ವೈರ್ ಕಿತ್ತು, ಯಾವುದನ್ನು ಕಿತ್ತರೆ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರ್ ಎನ್ನುವುದು. ಕಾರ್ಬುರೇಟರ್ ಕಾಲಕ್ಕೆ ಅದು ನಡೆಯಿತು. ಈಗಿನ ಗಾಡಿಗಳಲ್ಲಿ ಕಾಯಿಲ್ ಸುಡಬಹುದು, ಕೈಗೆ ಶಾಕ್ ಹೊಡೆಯಬಹುದು, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಹಾಳುಮಾಡಬಹುದು. ಇಂಜೆಕ್ಟರಿನ ಕನೆಕ್ಟರ್ ತೆಗೆದರೆ ಅದೇ ಉತ್ತರ ಅಪಾಯವಿಲ್ಲದೆ ಸಿಗುತ್ತದೆ.

‘ಐಡಲಿಂಗ್ ಕೆಟ್ಟರೆ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದರಾಯಿತು’

ಥ್ರಾಟಲ್ ತಟ್ಟೆಯ ಅಂಚಿಗೆ ಇಂಗಾಲ ಕಟ್ಟಿ ಐಡಲ್ ಕೆಡುವುದು ನಿಜವೇ. ಆದರೆ ಕ್ಲೀನ್ ಮಾಡಿದ ಮೇಲೂ ನಡುಕ ಹೋಗದಿದ್ದರೆ, ಲೆಕ್ಕಕ್ಕೆ ಸಿಗದ ಗಾಳಿ ಬೇರೆಲ್ಲಿಂದಲೋ ಒಳಗೆ ಬರುತ್ತಿರಬಹುದು.

ಎಂಜಿನ್ 700ರಿಂದ 900 ಆರ್‌ಪಿಎಂನಲ್ಲಿ ಸುಮ್ಮನೆ ಓಡುವಾಗ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಅದರಾಚೆಯ ಮ್ಯಾನಿಫೋಲ್ಡಿನಲ್ಲಿ ಬಲವಾದ ಹೀರುವಿಕೆ ಇರುತ್ತದೆ, ಒಳಹೋಗುವ ಗಾಳಿ ಮಾತ್ರ ಬಹಳ ಕಡಿಮೆ. ಬ್ರೇಕ್ ಬೂಸ್ಟರಿನ ಹೋಸೋ ಇನ್‌ಟೇಕ್ ಗ್ಯಾಸ್ಕೆಟ್ಟೋ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಅಲ್ಲಿಂದ ನುಗ್ಗುವ ಗಾಳಿ ಒಟ್ಟು ಗಾಳಿಯ ದೊಡ್ಡ ಪಾಲಾಗಿಬಿಡುತ್ತದೆ. ಅಪ್ಪಟ ಪೆಟ್ರೋಲಿಗೆ ತೂಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕೆಂಬ ಲೆಕ್ಕ ತಪ್ಪಿ ಎಂಜಿನ್ ತಡವರಿಸುತ್ತದೆ. ರೇಸ್ ಕೊಟ್ಟಾಗ ಥ್ರಾಟಲಿನಿಂದ ಬರುವ ಗಾಳಿ ಹಲವು ಪಟ್ಟು ಹೆಚ್ಚುತ್ತದೆ, ಬಿರುಕಿನ ಗಾಳಿ ಲೆಕ್ಕಕ್ಕೇ ಬರುವುದಿಲ್ಲ, ನಡುಕ ಮಾಯವಾಗುತ್ತದೆ.

ಇದನ್ನು ಊಹಿಸಬೇಕಿಲ್ಲ. ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಫ್ಯುಯಲ್ ಟ್ರಿಮ್ ಎಂಬ ಅಂಕಿ ಇರುತ್ತದೆ: ಇಸಿಎಂ ತನ್ನ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಹಾಕುತ್ತಿದೆ ಎಂಬುದರ ಗುರುತು. ಹತ್ತರೊಳಗೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಐಡಲ್‌ನಲ್ಲಿ 20 ದಾಟಿ, 2,500 ಆರ್‌ಪಿಎಂನಲ್ಲಿ ಹಿಡಿದಾಗ ಸರಿಹೋದರೆ ಗಾಳಿ ಲೀಕ್. ತದ್ವಿರುದ್ಧವಾಗಿ ಐಡಲ್‌ನಲ್ಲಿ ಚೆನ್ನಾಗಿದ್ದು ಭಾರ ಬಿದ್ದಾಗ ಏರುತ್ತಾ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ. ಫಿಲ್ಟರ್, ಪಂಪ್ ನೋಡಬೇಕು, ಏರ್‌ಫ್ಲೋ ಸೆನ್ಸರನ್ನೂ ಒಮ್ಮೆ ಶಂಕಿಸಬೇಕು. ಎರಡು ದೊಡ್ಡ ಗುಂಪುಗಳ ತಪ್ಪನ್ನು ಬೇರ್ಪಡಿಸಿ ಕೊಡುವ ಈ ಅಂಕಿಯನ್ನು ನೋಡದೆ ಕೋಡ್ ಮಾತ್ರ ಓದಿ ಸ್ಕ್ಯಾನರ್ ಮಡಚಿಡುವುದು ನನಗೆ ಬೇಸರ ತರಿಸುತ್ತದೆ. ಒಂದು ಎಚ್ಚರ: ಏರ್‌ಫ್ಲೋ ಸೆನ್ಸರ್ ಬದಲು ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರ ಇರುವ ಕಾರುಗಳಲ್ಲಿ, ಲೀಕ್ ಆದಾಗ ಟ್ರಿಮ್ ಅಷ್ಟಾಗಿ ಕದಲದೆ ಐಡಲ್ ಏರಿಬಿಡುವುದೂ ಉಂಟು.

ಬಿರುಕು ಹುಡುಕಲು ಹೊಗೆ ಬಿಡುವ ಯಂತ್ರವೇ ಸುರಕ್ಷಿತ. ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಚಿಮುಕಿಸಬೇಡಿ, ಬೆಂಕಿ ಹತ್ತುತ್ತದೆ. ಮಳೆಗಾಲದಲ್ಲಿ ನಿಲ್ಲಿಸಿದ ಗಾಡಿಯಾದರೆ ಬಾನೆಟ್ ಎತ್ತಿ ಇಲಿ ಹಿಕ್ಕೆ ಇದೆಯೇ ನೋಡಿ. ಇಲಿ ಕಡಿದ ಹೋಸ್, ವೈರುಗಳಿಂದ ಶುರುವಾದ ಮಿಸ್ಸಿಂಗಿಗೆ ಪ್ಲಗ್ ಬದಲಿಸಿ ಫಲವಿಲ್ಲ.

‘ಚೆಕ್ ಲೈಟ್ ಬಂದರೇನು, ಗಾಡಿ ಓಡುತ್ತಿದೆಯಲ್ಲ’

ಲೈಟ್ ಸ್ಥಿರವಾಗಿ ಉರಿಯುತ್ತಿದ್ದರೆ ಅವಸರವಿಲ್ಲದೆ ಗ್ಯಾರೇಜಿಗೆ ಹೋಗಬಹುದು. ಮಿನುಗುತ್ತಿದ್ದರೆ ಕಾಲು ಸಡಿಲಿಸಿ, ಆದಷ್ಟು ಬೇಗ ಬದಿಗೆ ನಿಲ್ಲಿಸಬೇಕು. ಉರಿಯದ ಪೆಟ್ರೋಲ್ ಹೊರಗೆ ಹೋಗುತ್ತಿದೆ, ಅದು ಕನ್ವರ್ಟರಿನೊಳಗೆ ಉರಿದು ಅದನ್ನು ಕರಗಿಸಬಲ್ಲದು ಎಂಬ ಎಚ್ಚರಿಕೆ ಅದು. ಬ್ಯಾಟರಿ ಟರ್ಮಿನಲ್ ತೆಗೆದು ಲೈಟ್ ಆರಿಸುವುದು ಇನ್ನೂ ಕೆಟ್ಟ ಉಪಾಯ. ಅನೇಕ ಗಾಡಿಗಳಲ್ಲಿ ಹಾಗೆ ಮಾಡಿದರೆ ಕೋಡಿನ ಜತೆಗೆ, ತಪ್ಪು ನಡೆದ ಕ್ಷಣದ ಆರ್‌ಪಿಎಂ, ಬಿಸಿ, ವೇಗದ ದಾಖಲೆಯೂ ಅಳಿಸಿಹೋಗುತ್ತದೆ. ‘ಯಾವಾಗ’ ಎಂಬ ಪ್ರಶ್ನೆಗೆ ಇದ್ದ ಒಳ್ಳೆಯ ಸಾಕ್ಷಿ ಅದು.

‘ಎಲ್ಲಾ ಎಥೆನಾಲ್ ಪೆಟ್ರೋಲಿನ ಕರಾಮತ್ತು’

ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಅಂದಿನಿಂದ ಪ್ರತಿ ತೊಂದರೆಗೂ ಅದೇ ಆರೋಪಿ. ಲೀಟರೊಂದಕ್ಕೆ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ, ಹಾಗಾಗಿ ಮೈಲೇಜ್ ಇಳಿಯುವುದು ನಿಜ. ಶೇ 10ರ ಮಿಶ್ರಣಕ್ಕೆ ಹೊಂದಿಸಿದ ಹಳೆಯ ಕಾರುಗಳಲ್ಲಿ ಶೇ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಆದರೆ ಇಂಧನದ ಗುಣ ಎಲ್ಲ ಸಿಲಿಂಡರುಗಳಿಗೂ ಒಂದೇ. ಬರೀ ಎರಡನೆಯದು ಮಾತ್ರ ಮಿಸ್ ಹೊಡೆಯುತ್ತಿದ್ದರೆ ಬಂಕನ್ನು ದೂರಿ ಉಪಯೋಗವಿಲ್ಲ. ಹಳೆಯ ಗಾಡಿಗಳ ರಬ್ಬರ್ ಭಾಗಗಳಿಗೆ ಎಥೆನಾಲ್ ಒಗ್ಗದಿರಬಹುದು. ನೀರು ಹೆಚ್ಚು ಸೇರಿದರೆ ನೀರು ಹೀರಿದ ಎಥೆನಾಲ್ ಬೇರ್ಪಟ್ಟು ಪಂಪ್ ಹೀರುವ ಟ್ಯಾಂಕ್ ತಳಕ್ಕೇ ಇಳಿಯುತ್ತದೆ. ಪೆಟ್ರೋಲ್ ತುಂಬಿಸಿದ ಬೆನ್ನಿಗೇ ನಡುಕ ಶುರುವಾಯಿತೇ ಎಂದು ನೆನಪಿಸಿಕೊಳ್ಳಬೇಕಾದ್ದು ಅದಕ್ಕೇ. ಪ್ರೀಮಿಯಂ ಪೆಟ್ರೋಲ್ ಹಾಕಿದರೆ ಪಿಕಪ್ ಬರುತ್ತದೆಂಬುದೂ ಸುಳ್ಳಾಸೆ. ಹೆಚ್ಚಿನ ಆಕ್ಟೇನ್ ನಾಕಿಂಗ್ ತಡೆಯುತ್ತದೆ, ಅದನ್ನು ಬಳಸಿಕೊಳ್ಳುವಂತೆ ರೂಪಿಸಿದ ಎಂಜಿನ್ನಿಗೆ ಮಾತ್ರ ಲಾಭ.

ಎಲ್ಲ ನಡುಕವೂ ಮಿಸ್ಸಿಂಗ್ ಅಲ್ಲ. ಮೂರು ಸಿಲಿಂಡರಿನ ಎಂಜಿನ್ ಹುಟ್ಟಿನಿಂದಲೇ ನಾಲ್ಕರದಕ್ಕಿಂತ ಹೆಚ್ಚು ಅದುರುತ್ತದೆ. ಆರ್‌ಪಿಎಂ ಮುಳ್ಳು ಕದಲದೆ ಸೀಟು ಮಾತ್ರ ಅದುರಿದರೆ ಎಂಜಿನ್ ಮೌಂಟಿಂಗ್ ನೋಡಿ. ಪಿಕಪ್ ಇಲ್ಲದ್ದೆಲ್ಲ ಕೆಡುಕೂ ಅಲ್ಲ: ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮಂಗಳೂರಿನಲ್ಲಿ ಚುರುಕಾಗಿದ್ದ ಕಾರು ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸ್ವಲ್ಪ ಮಂದವಾಗುವುದು ಸಹಜ. ಐಡಲ್ ಚೆನ್ನಾಗಿದ್ದು, ಎಷ್ಟು ಒತ್ತಿದರೂ ಒಂದು ಹಂತದಾಚೆ ಆರ್‌ಪಿಎಂ ಏರದಿದ್ದರೆ ಕಟ್ಟಿಕೊಂಡ ಕನ್ವರ್ಟರನ್ನು ಶಂಕಿಸಬೇಕು.

ಇಗ್ನಿಷನ್, ಗಾಳಿ, ಪೆಟ್ರೋಲ್ ಮೂರೂ ಸರಿಯಿದ್ದೂ ಒಂದೇ ಸಿಲಿಂಡರ್ ಸೋಲುತ್ತಿದ್ದರೆ ಕಂಪ್ರೆಷನ್ ಅಳೆಯುವ ಹೊತ್ತು ಬಂದಿದೆ. ಒಂದರ ಅಳತೆ ಉಳಿದವುಗಳಿಗಿಂತ ಬಹಳ ಕಡಿಮೆ ಬಂದರೆ ಅದರ ಪ್ಲಗ್ ತೂತಿನಿಂದ ಒಂದಿಷ್ಟು ಎಂಜಿನ್ ಆಯಿಲ್ ಬಿಟ್ಟು ಮತ್ತೊಮ್ಮೆ ಅಳೆಯಬೇಕು. ಅಳತೆ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಎಂಜಿನ್ ಇಳಿಸಬೇಕಾದೀತು. ಏರದಿದ್ದರೆ ಬಹುತೇಕ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್; ಹೆಡ್ ಬಿಚ್ಚಿದರೆ ಸಾಕು.