ಕೊನೆಯ ಅಧ್ಯಾಯದ ತಪ್ಪೊಪ್ಪಿಗೆ: ಪತ್ತೇದಾರಿ ಕಾದಂಬರಿಯಲ್ಲಿ ಸಾಕ್ಷ್ಯದ ಕೊರತೆ

ಇವತ್ತು ಒಂದೇ ಪ್ರಶ್ನೆ ಎತ್ತಿಕೊಳ್ತೀನಿ. ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರ ತಪ್ಪೊಪ್ಪಿಕೊಂಡ ಕೂಡಲೇ ನಾವು ಪುಸ್ತಕ ಮುಚ್ಚಿಡ್ತೀವಲ್ಲ, ಅಷ್ಟೊತ್ತಿಗೆ ನಿಜವಾಗಿ ಏನು ಸಾಬೀತಾಗಿರ್ತದ?

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿದ ತಲೆಮಾರಿನಿಂದ ವೆಬ್ ಸರಣಿ ನೋಡುವ ನಮ್ಮವರೆಗೆ ಈ ಪ್ರಕಾರದ ಸೆಳೆತ ಕಡಿಮೆಯಾಗಿಲ್ಲ. ಇದರ ಒಂದು ಮಾದರಿ ನಮಗೆಲ್ಲ ಪರಿಚಿತ. ಆರೋಪಿಯ ಮನೆಯಲ್ಲಿ ರಕ್ತದ ಕಲೆಯಿರುವ ಕೊಡಲಿ ಸಿಗುತ್ತದೆ, ರಕ್ತದ ಗುಂಪು ಸತ್ತವನ ಗುಂಪಿಗೆ ಹೊಂದುತ್ತದೆ, ಆರೋಪಿ ಕುಸಿದು ಎಲ್ಲ ಹೇಳಿಬಿಡುತ್ತಾನೆ. ಆದರೆ 'ಓ' ಗುಂಪು ನಮ್ಮ ದೇಶದಲ್ಲಿ ಸುಮಾರು ಮೂವರಲ್ಲಿ ಒಬ್ಬರದು. ಆ ಕಲೆ ಆರೋಪಿಯದೇ ಇರಬಹುದು. ಕೊಡಲಿಗೆ ಮೊಹರು ಹಾಕಿದವರು ಯಾರು, ಪ್ರಯೋಗಾಲಯ ಮುಟ್ಟುವ ತನಕ ಅದು ಎಲ್ಲಿತ್ತು ಅಂತ ಕಥೆ ಹೇಳೂದಿಲ್ಲ. ಈ ತೂತು ಮುಚ್ಚಲಿಕ್ಕೇ ತಪ್ಪೊಪ್ಪಿಗೆ ಬರ್ತದ.

ಕಾನೂನು ಹಾಗೆ ಮುಚ್ಚಲು ಬಿಡುವುದಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನಂತೆ, ಪೊಲೀಸರಿಗೆ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿರಲಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಇದೇ ನಿಯಮವಿದೆ. ಅವನ ಮಾತಿನಿಂದ ವಸ್ತು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಪಟ್ಟಷ್ಟು ಮಾತು ಮಾತ್ರ ಲೆಕ್ಕಕ್ಕೆ. ಇನ್ನು ಸಾಂದರ್ಭಿಕ ಸಾಕ್ಷ್ಯದ ಮಾತು. ಮಹಾರಾಷ್ಟ್ರದ ಶರದ್ ಸಾರ್ಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1984ರಲ್ಲಿ ಹೇಳಿದಂತೆ, ಸರಪಳಿಯ ಕೊಂಡಿಗಳೆಲ್ಲ ಕೂಡಬೇಕು, ಆರೋಪಿ ನಿರಪರಾಧಿ ಎಂಬುದಕ್ಕೆ ಸಮಂಜಸವಾದ ಎಡೆ ಉಳಿಯಬಾರದು. ಅಂದ್ರೆ ಕಾದಂಬರಿ ಮುಗಿಯೋ ಜಾಗದಾಗ ಕೋರ್ಟಿನ ಕೆಲಸ ಶುರುವಾಗ್ತದ.

ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' (1985) ಈ ತೂತನ್ನು ಮುಚ್ಚುವುದಿಲ್ಲ. ಜೋಗಿಹಾಳರ ಸಾವಿನ ಹಿಂದೆ ಬಿದ್ದ ಅಂಗಡಿಯವರ ತನಿಖೆ ಕೆಸರೂರಿನ ವದಂತಿ, ಜಾತಿ, ಅನುಮಾನಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಸಾಕ್ಷ್ಯ ಗಟ್ಟಿಯಾಗದಿರುವುದು ಕಥೆಯ ದೋಷವಲ್ಲ, ಅದೇ ಕಥೆಯ ವಸ್ತು.

ಇದು ಬರೀ ಸಾಹಿತ್ಯದ ಮಾತಲ್ಲ. ನಮ್ಮ ಜತ್ತ ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಸರಕಾರಿ ಕಾಗದ ಮರಾಠಿ. ಮರಾಠಿ ಓದಲು ಬಾರದ ಪಂಚನೊಬ್ಬ ಪಂಚನಾಮೆಗೆ ಹೆಬ್ಬೆಟ್ಟು ಒತ್ತಿದರೆ ಆ ಕೊಂಡಿ ಎಷ್ಟು ಗಟ್ಟಿ? ಆದ್ರ 'ಪೊಲೀಸರ ಮುಂದ ಒಪ್ಕೊಂಡಾನಂತ' ಅಂದ್ರ ಸಾಕು, ಕಟ್ಟೀ ಮ್ಯಾಲೆ ತೀರ್ಪು ಆಗಿಬಿಡ್ತದ. ಕೊನೆಯ ಅಧ್ಯಾಯವನ್ನು ಸಲೀಸಾಗಿ ನಂಬುವ ಓದು ನಮಗೆ ಈ ರೂಢಿಯನ್ನೇ ಕಲಿಸುತ್ತದೆ ಎಂಬುದು ನನ್ನ ವಾದ.

ಪ್ರಶ್ನೆಗಳಿದ್ರ ಕೇಳ್ರಿ.